ಹರ್ಸ್ಲಿಯ ಮೂವರು ಮಕ್ಕಳು: ಸ್ಟೀಫನ್ ಹಾಪ್ಕಿನ್ಸನ ಹುಟ್ಟೂರಿನ ಶೋಧ



ಇತಿಹಾಸದ ಆಕರಗಳನ್ನು ಕುರಿತು ಮಾತನಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಆಕರಗಳ ಬಗ್ಗೆ ಸಾಮಾನ್ಯ ಮಾತುಗಳನ್ನು ಹೇಳುವುದಕ್ಕಿಂತ ಒಂದೇ ಒಂದು ಪ್ರಕರಣವನ್ನು ಹಿಡಿದು ಅದರ ಬುಡದವರೆಗೆ ಹೋಗಿಬರುವುದು ಹೆಚ್ಚು ಪ್ರಯೋಜನಕಾರಿ ಎಂದು ನಾನು ನಂಬಿದ್ದೇನೆ. ಹಾಗಾಗಿ ಇಂದು ಎತ್ತಿಕೊಂಡಿರುವುದು ಒಂದು ಸಣ್ಣ ಪ್ರಶ್ನೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ಟೀಫನ್ ಹಾಪ್ಕಿನ್ಸ್ ಎಂಬ ಇಂಗ್ಲಿಷ್ ವಲಸಿಗ ಯಾವ ಊರಿನವನು?

ಆತ ರಾಜನಲ್ಲ, ಸೇನಾಪತಿಯಲ್ಲ, ಗ್ರಂಥಕರ್ತನೂ ಅಲ್ಲ. ಆದರೆ ಇಂದು ಅಮೆರಿಕದಲ್ಲಿ ಅಸಂಖ್ಯಾತ ಕುಟುಂಬಗಳು ತಮ್ಮ ವಂಶವೃಕ್ಷವನ್ನು ಅವನವರೆಗೆ ಒಯ್ಯುತ್ತವೆ. ಇಂಥ ವಂಶಜರಿಗಾಗಿ 1897ರಲ್ಲೇ ಮೇಫ್ಲವರ್ ವಂಶಜರ ಸಂಘ ಹುಟ್ಟಿತು. ಅದರ ಸದಸ್ಯತ್ವ ಬೇಕೆನ್ನುವವರು ತಮ್ಮಿಂದ ಮೇಲಕ್ಕೆ ತಲೆಮಾರು ತಲೆಮಾರಾಗಿ ದಾಖಲೆ ತೋರಿಸಬೇಕು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಈ ಸರಪಳಿ ಗಟ್ಟಿಯಾಗಿದೆ. ಈಚೆಯ ದಡದಲ್ಲಿ, ಎಂದರೆ ಇಂಗ್ಲೆಂಡಿನಲ್ಲಿ, ಹಾಪ್ಕಿನ್ಸನ ಮಟ್ಟಿಗೆ ಅದು 1998ರವರೆಗೂ ಗಾಳಿಯಲ್ಲಿ ತೂಗುತ್ತಿತ್ತು. ಆ ಕೊನೆಯ ಕೊಂಡಿ ಹೇಗೆ ಸಿಕ್ಕಿತು ಎಂಬುದೇ ನನ್ನ ಇಂದಿನ ವಿಷಯ.

ಹಡಗಿನಲ್ಲಿ ಯಾರಿದ್ದರು?

ಮೇಫ್ಲವರ್ ಹಡಗಿನ ಅಧಿಕೃತ ಪ್ರಯಾಣಿಕರ ಪಟ್ಟಿ ಯಾವುದೂ ಉಳಿದಿಲ್ಲ. 102 ಮಂದಿ ಪ್ರಯಾಣಿಕರಿದ್ದರು ಎಂದು ನಾವು ಹೇಳುವುದಕ್ಕೆ ಮುಖ್ಯ ಆಧಾರ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್. ಹಡಗು ದಡ ಸೇರಿ ಮೂವತ್ತು ವರ್ಷಗಳಾದ ಮೇಲೆ, 1650ರ ಸುಮಾರಿಗೆ, ಆತ ತನ್ನ ವಸಾಹತಿನ ಚರಿತ್ರೆಯ ಹಸ್ತಪ್ರತಿಗೆ ಒಂದು ಪಟ್ಟಿ ಸೇರಿಸಿದ: ಯಾವ ಕುಟುಂಬ ಬಂತು, ಯಾರು ತೀರಿಕೊಂಡರು, ಯಾರಿಗೆ ಎಷ್ಟು ಮಕ್ಕಳಾದರು ಎಂದು.

ಆ ಹಸ್ತಪ್ರತಿಯದೇ ಒಂದು ಕಥೆ. ಬಾಸ್ಟನ್ನಿನಲ್ಲಿದ್ದ ಅದು ಕಣ್ಮರೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಫುಲ್‌ಹ್ಯಾಮ್ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು. 1856ರಲ್ಲಿ ಅಚ್ಚಾಯಿತು, 1897ರಲ್ಲಿ ಮೂಲಪ್ರತಿ ಮ್ಯಾಸಚೂಸೆಟ್ಸಿಗೆ ಹಿಂದಿರುಗಿತು. ಪ್ಲಿಮತ್‌ನ ಮೊದಲ ವಲಸಿಗರ ಹೆಸರುಗಳು ಬಹುಕಾಲ ಇಂಗ್ಲೆಂಡಿನ ಒಂದು ಕಪಾಟಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಆಕರ ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ.

ಬ್ರಾಡ್‌ಫರ್ಡ್ ಹಾಪ್ಕಿನ್ಸನ ಮನೆಮಂದಿಯನ್ನು ಹೀಗೆ ಲೆಕ್ಕ ಹಾಕುತ್ತಾನೆ: ಸ್ಟೀಫನ್, ಹೆಂಡತಿ ಎಲಿಜಬೆತ್, ಮೊದಲ ಹೆಂಡತಿಯಲ್ಲಿ ಹುಟ್ಟಿದ ಜೈಲ್ಸ್ ಮತ್ತು ಕಾನ್ಸ್ಟನ್ಸ್, ಈ ಹೆಂಡತಿಯಲ್ಲಿ ಹುಟ್ಟಿದ ಡ್ಯಾಮರಿಸ್, ಹಡಗಿನಲ್ಲೇ ಹುಟ್ಟಿದ ಓಷಿಯಾನಸ್, ಜೊತೆಗೆ ಇಬ್ಬರು ಆಳುಗಳು. ಊರಿನ ಹೆಸರಿಲ್ಲ. ತೀರಿಕೊಂಡ ಮೊದಲ ಹೆಂಡತಿಯ ಹೆಸರೂ ಇಲ್ಲ. ಆದರೆ ಆಕೆ ಒಬ್ಬಳಿದ್ದಳು, ಆಕೆಯ ಇಬ್ಬರು ಮಕ್ಕಳ ಹೆಸರು ಇವು, ಎಂಬ ಎರಡು ಸಂಗತಿಗಳನ್ನು ಬ್ರಾಡ್‌ಫರ್ಡ್ ಬಿಟ್ಟುಹೋಗಿದ್ದಾನೆ. ಮುಂದೆ ಬೀಗ ತೆರೆದದ್ದು ಈ ಎರಡೇ.

ಬರ್ಮುಡಾದಲ್ಲಿ ಒಬ್ಬ ಹಾಪ್ಕಿನ್ಸ್

ಮೇಫ್ಲವರ್‌ಗಿಂತ ಹನ್ನೊಂದು ವರ್ಷ ಮುಂಚೆ ಇನ್ನೊಂದು ಹಡಗಿನ ಕಥೆಯಲ್ಲಿ ಇದೇ ಹೆಸರು ಬರುತ್ತದೆ. 1609ರ ಜೂನ್ 2ರಂದು ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಒಂಬತ್ತು ಹಡಗುಗಳ ತಂಡವೊಂದು ವರ್ಜೀನಿಯಾದ ಜೇಮ್ಸ್‌ಟೌನಿಗೆ ಹೊರಟಿತು. ತಂಡದ ಮುಖ್ಯ ಹಡಗು ಸೀ ವೆಂಚರ್. ಜುಲೈ ಕೊನೆಯಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಅದು ಬರ್ಮುಡಾದ ಬಂಡೆಗಳ ನಡುವೆ ಸಿಲುಕಿಕೊಂಡಿತು. ಹಡಗಿನಲ್ಲಿದ್ದ ಸುಮಾರು 150 ಮಂದಿ ದ್ವೀಪಕ್ಕೆ ಇಳಿದು ಜೀವ ಉಳಿಸಿಕೊಂಡರು. ಅವರಲ್ಲಿ ವಿಲಿಯಂ ಸ್ಟ್ರೇಚಿ ಎಂಬ ಬರಹಗಾರನಿದ್ದ. ಆತ 1610ರಲ್ಲಿ ಬರೆದ ದೀರ್ಘ ಪತ್ರ 1625ರಲ್ಲಿ ಅಚ್ಚಾಯಿತು. ಶೇಕ್ಸ್‌ಪಿಯರ್ ‘ದಿ ಟೆಂಪೆಸ್ಟ್’ ಬರೆಯುವಾಗ ಈ ಪತ್ರದ ಹಸ್ತಪ್ರತಿಯನ್ನು ನೋಡಿರಬೇಕು ಎಂದು ಅನೇಕ ವಿದ್ವಾಂಸರು ನಂಬುತ್ತಾರೆ.

ಸ್ಟ್ರೇಚಿ ಹೇಳುವ ಸ್ಟೀಫನ್ ಹಾಪ್ಕಿನ್ಸ್ ಪಾದ್ರಿ ರಿಚರ್ಡ್ ಬಕ್‌ನ ಸಹಾಯಕ. ಭಾನುವಾರದ ಪ್ರಾರ್ಥನೆಯಲ್ಲಿ ಕೀರ್ತನೆಗಳನ್ನು ಓದುವವನು, ಬೈಬಲನ್ನು ಚೆನ್ನಾಗಿ ಬಲ್ಲವನು, ವಾದದಲ್ಲಿ ಗಟ್ಟಿಗ. 1610ರ ಜನವರಿಯಲ್ಲಿ ಆತ ಜೊತೆಗಾರರ ಕಿವಿಯಲ್ಲಿ ಒಂದು ಮಾತು ಹಾಕಿದ. ಹಡಗು ಒಡೆದ ಗಳಿಗೆಯಲ್ಲೇ ತಂಡದ ಜೊತೆಗಿದ್ದ ಗವರ್ನರನ ಅಧಿಕಾರ ಮುಗಿಯಿತು. ಈಗ ಯಾರೂ ಯಾರ ಆಜ್ಞೆಗೂ ಬದ್ಧರಲ್ಲ. ಇಲ್ಲಿ ತಿನ್ನುವುದಕ್ಕೆ ಬೇಕಾದಷ್ಟಿದೆ, ವರ್ಜೀನಿಯಾಕ್ಕೆ ಹೋಗಿ ದುಡಿದು ಸಾಯುವುದೇಕೆ? ಮಾತು ಹೊರಬಿತ್ತು. ವಿಚಾರಣೆ ನಡೆದು ಮರಣದಂಡನೆಯಾಯಿತು. ಆತ ಕಣ್ಣೀರಿಟ್ಟು, ತಾನು ಸತ್ತರೆ ತನ್ನ ಹೆಂಡತಿ ಮಕ್ಕಳು ಬೀದಿಪಾಲಾಗುತ್ತಾರೆ ಎಂದು ಬೇಡಿಕೊಂಡ. ಹಲವರು ಅವನ ಪರವಾಗಿ ನಿಂತರು, ಕ್ಷಮಾದಾನ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ, ದ್ವೀಪದಲ್ಲೇ ಕಟ್ಟಿದ ಎರಡು ಸಣ್ಣ ಹಡಗುಗಳಲ್ಲಿ ಬದುಕುಳಿದವರು ಜೇಮ್ಸ್‌ಟೌನ್ ಸೇರಿದರು.

ಈಗ 1620ಕ್ಕೆ ಬನ್ನಿ. ವರ್ಜೀನಿಯಾದ ಪರವಾನಗಿ ಹಿಡಿದು ಹೊರಟಿದ್ದ ಮೇಫ್ಲವರ್ ಅದರ ವ್ಯಾಪ್ತಿಯ ಹೊರಗೆ, ಕೇಪ್ ಕಾಡ್‌ನಲ್ಲಿ ಲಂಗರು ಹಾಕಿತು. ನಮ್ಮ ಮೇಲೆ ಇನ್ನು ಯಾರಿಗೂ ಅಧಿಕಾರವಿಲ್ಲ, ದಡಕ್ಕಿಳಿದ ಮೇಲೆ ನಮ್ಮಿಷ್ಟದಂತೆ ನಡೆಯುತ್ತೇವೆ ಎಂದು ಕೆಲವರು ಗೊಣಗಿದರು ಎನ್ನುತ್ತಾನೆ ಬ್ರಾಡ್‌ಫರ್ಡ್. ಅದನ್ನು ತಡೆಯಲೆಂದೇ ನವೆಂಬರ್ 11ರಂದು ಮೇಫ್ಲವರ್ ಒಪ್ಪಂದ ಹುಟ್ಟಿತು. ಸಹಿ ಹಾಕಿದ 41 ಮಂದಿಯಲ್ಲಿ ಹಾಪ್ಕಿನ್ಸನೂ ಒಬ್ಬ. ಗೊಣಗಿದವರ ಹೆಸರನ್ನು ಬ್ರಾಡ್‌ಫರ್ಡ್ ಹೇಳಿಲ್ಲ. ಆದರೂ ಬರ್ಮುಡಾದ ವಾದಕ್ಕೂ ಕೇಪ್ ಕಾಡ್‌ನ ವಾದಕ್ಕೂ ಇರುವ ಹೋಲಿಕೆ ಎಂಥವರ ಗಮನವನ್ನೂ ಸೆಳೆಯುತ್ತದೆ.

ಇನ್ನೂ ಕೆಲವು ಸುಳಿವುಗಳಿವೆ. ದಡಕ್ಕಿಳಿದ ಮೊದಲ ದಿನಗಳಲ್ಲಿ, ಬಗ್ಗಿಸಿ ಕಟ್ಟಿದ ಎಳೆಮರವೊಂದನ್ನು ಕಂಡು ಎಲ್ಲರೂ ಬೆರಗಾಗಿ ನಿಂತಾಗ, ಇದು ಜಿಂಕೆ ಹಿಡಿಯುವ ಬಲೆ ಎಂದು ಹೇಳಿದವನು ಹಾಪ್ಕಿನ್ಸ್. ಹಿಂದಿನಿಂದ ಬಂದ ಬ್ರಾಡ್‌ಫರ್ಡನ ಕಾಲು ಅದೇ ಬಲೆಯಲ್ಲಿ ಸಿಕ್ಕಿಕೊಂಡಿತು. 1621ರ ಮಾರ್ಚ್‌ನಲ್ಲಿ ಸಮೊಸೆಟ್ ಎಂಬ ಮೂಲನಿವಾಸಿ ವಸಾಹತಿಗೆ ಬಂದಾಗ ರಾತ್ರಿ ಅವನನ್ನು ಇರಿಸಿಕೊಂಡದ್ದು ಹಾಪ್ಕಿನ್ಸನ ಮನೆಯಲ್ಲಿ. ಆ ಬೇಸಿಗೆಯಲ್ಲಿ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್‌ನನ್ನು ಕಾಣಲು ಎಡ್ವರ್ಡ್ ವಿನ್ಸ್ಲೋ ಜೊತೆ ಹೋದವನೂ ಅವನೇ. ಈ ನೆಲಕ್ಕೆ ಹೊಸಬನಲ್ಲದವನ ನಡೆ ಇದು. ಅಷ್ಟಾದರೂ ಇವೆಲ್ಲ ಸುಳಿವುಗಳೇ ಹೊರತು ಸಾಕ್ಷ್ಯವಲ್ಲ. ಬರ್ಮುಡಾದವನೂ ಮೇಫ್ಲವರ್‌ನವನೂ ಒಬ್ಬನೇ ಎನ್ನಲು ಇಷ್ಟು ಸಾಲದು. ಸ್ಟೀಫನ್ ಎಂಬುದಾಗಲಿ ಹಾಪ್ಕಿನ್ಸ್ ಎಂಬುದಾಗಲಿ ಅಂದಿನ ಇಂಗ್ಲೆಂಡಿನಲ್ಲಿ ಅಪರೂಪದ ಹೆಸರಲ್ಲ.

ಹೆಸರಿನ ಬೆನ್ನು ಹತ್ತಿದವರು

ಹೆಸರು ಅಪರೂಪವಲ್ಲದಿದ್ದಾಗ ಹುಡುಕುವವರ ಆತುರ ದೊಡ್ಡ ಅಪಾಯ. ಗ್ಲಾಸ್ಟರ್‌ಶೈರಿನ ವಾಟನ್-ಅಂಡರ್-ಎಡ್ಜ್ ಎಂಬ ಊರಿನಲ್ಲಿ ಹಾಪ್ಕಿನ್ಸ್ ಮನೆತನವಿತ್ತು. ಸ್ಟೀಫನ್ ಅಲ್ಲಿಯವನೇ ಎಂಬ ಮಾತು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಅವನ ಮೊದಲ ಹೆಂಡತಿ ಕಾನ್ಸ್ಟನ್ಸ್ ಡಡ್ಲಿ ಎಂದೂ ಕೆಲವರು ಬರೆದರು. ಅದಕ್ಕೆ ಕಾಗದದ ಒಂದು ಚೂರಿನ ಆಧಾರವೂ ಇರಲಿಲ್ಲ. ನೂರು ವಂಶವೃಕ್ಷಗಳಲ್ಲಿ ಅಚ್ಚಾದ ಮಾತಿಗೆ ನೂರು ಸಾಕ್ಷಿಗಳಿವೆ ಎಂದು ಓದುಗರು ತಿಳಿಯುತ್ತಾರೆ. ನೂರೂ ಒಂದನ್ನೊಂದು ನೋಡಿ ಬರೆದವುಗಳಾದರೆ ಸಾಕ್ಷಿ ಒಂದೇ. ಆ ಒಂದೂ ಊಹೆಯಾದರೆ ಸಾಕ್ಷಿಯೇ ಇಲ್ಲ.

ಅಮೆರಿಕದ ವಂಶಾವಳಿ ಅಧ್ಯಯನ ಈ ಕಾಯಿಲೆಯಿಂದ ಬಹಳ ನರಳಿದೆ. ಸಿರಿವಂತರಿಗೆ ಬೇಕಾದ ಪೂರ್ವಜರನ್ನು ಹೊಸೆದು ಮಾರಿದ ಗುಸ್ತಾವ್ ಆಂಜೂ ಎಂಬವನ ಸುಳ್ಳು ವಂಶಾವಳಿಗಳು ಅವನು ಸತ್ತ ಮೇಲೂ ಹರಿದಾಡುತ್ತಲೇ ಇವೆ. ಅವನ ಕಾಲದಲ್ಲೇ ಡೊನಾಲ್ಡ್ ಲೈನ್ಸ್ ಜಾಕೋಬಸ್ ಎಂಬ ವಿದ್ವಾಂಸ 1922ರಲ್ಲಿ ಒಂದು ನಿಯತಕಾಲಿಕ ಆರಂಭಿಸಿ, ಪ್ರತಿ ಹೇಳಿಕೆಗೂ ಮೂಲ ದಾಖಲೆ ತೋರಿಸಬೇಕು ಎಂಬ ಶಿಸ್ತನ್ನು ಆ ಕ್ಷೇತ್ರಕ್ಕೆ ಕಲಿಸಿದ. ‘ದಿ ಅಮೆರಿಕನ್ ಜೀನಿಯಾಲಜಿಸ್ಟ್’ ಎಂದು ಹೆಸರಾದ ಆ ಪತ್ರಿಕೆಯಲ್ಲೇ 1998ರ ಜುಲೈನಲ್ಲಿ ಕೇಲೆಬ್ ಜಾನ್ಸನ್ ಎಂಬ ಸಂಶೋಧಕ ಹಾಪ್ಕಿನ್ಸನ ಮೂಲದ ಕುರಿತು ತನ್ನ ಲೇಖನ ಪ್ರಕಟಿಸಿದ.

ಹರ್ಸ್ಲಿಯ ದಾಖಲೆಗಳು

1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಹೊರಡಿಸಿದ ಆಜ್ಞೆಯಂತೆ ಇಂಗ್ಲೆಂಡಿನ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕ ಇಡಬೇಕಾಗಿತ್ತು. ಹ್ಯಾಂಪ್‌ಶೈರಿನಲ್ಲಿ, ವಿಂಚೆಸ್ಟರಿನ ಹತ್ತಿರ, ಹರ್ಸ್ಲಿ ಎಂಬ ಹಳ್ಳಿಯಿದೆ. ಜಾನ್ಸನ್ ಮುಂದಿಟ್ಟಂತೆ, ಅಲ್ಲಿಯ ಚರ್ಚಿನ ಪುಸ್ತಕದಲ್ಲಿ ಸ್ಟೀಫನ್ ಹಾಪ್ಕಿನ್ಸನ ಮೂವರು ಮಕ್ಕಳ ದೀಕ್ಷಾಸ್ನಾನದ ದಾಖಲೆಗಳಿವೆ: ಎಲಿಜಬೆತ್, 1604ರ ಮಾರ್ಚ್ 13, ಕಾನ್ಸ್ಟನ್ಸ್, 1606ರ ಮೇ 11, ಜೈಲ್ಸ್, 1608ರ ಜನವರಿ 30. ಅಂದಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿದ್ದುದರಿಂದ ಮೊದಲ ಮತ್ತು ಕೊನೆಯ ದಾಖಲೆಗಳಿಗೆ ಮೂಲದಲ್ಲಿ 1603, 1607 ಎಂದೇ ಇಸವಿ. ಇದನ್ನು ಅರಿಯದೆ ಲೆಕ್ಕ ಹಾಕಿದರೆ ಮಕ್ಕಳ ವಯಸ್ಸೇ ತಪ್ಪುತ್ತದೆ.

ಬ್ರಾಡ್‌ಫರ್ಡನ ಪಟ್ಟಿಯನ್ನು ಈ ಸಾಲುಗಳ ಪಕ್ಕದಲ್ಲಿಟ್ಟು ನೋಡಿ. ತಂದೆ ಸ್ಟೀಫನ್ ಹಾಪ್ಕಿನ್ಸ್, ಮಗಳು ಕಾನ್ಸ್ಟನ್ಸ್, ಮಗ ಜೈಲ್ಸ್. ಮೂರು ಹೆಸರುಗಳೂ ಒಂದೇ ಮನೆಯಲ್ಲಿ, ಮೇಫ್ಲವರ್ ಹೊರಡುವಾಗ ಹದಿನಾಲ್ಕು ಮತ್ತು ಹನ್ನೆರಡು ವಯಸ್ಸಾಗುವಂತೆ ಕೂಡಿಬರುತ್ತವೆ. ಜೈಲ್ಸ್ ಹುಟ್ಟಿದ ಮರುವರ್ಷವೇ ಸೀ ವೆಂಚರ್ ಹೊರಟದ್ದು. ಅಲ್ಲಿಂದ ಮುಂದೆ ಹರ್ಸ್ಲಿಯಲ್ಲಿ ಈ ದಂಪತಿಗೆ ಮಕ್ಕಳ ದಾಖಲೆಯಿಲ್ಲ.

ಮುಂದಿನ ದಾಖಲೆ ಸಾವಿನದು. 1613ರ ಮೇ 9ರಂದು ಮೇರಿ ಹಾಪ್ಕಿನ್ಸಳನ್ನು ಹರ್ಸ್ಲಿಯಲ್ಲಿ ಮಣ್ಣು ಮಾಡಿದರು. ಮರುದಿನವೇ ಅವಳ ಮನೆಯ ಸಾಮಾನುಗಳ ಪಟ್ಟಿ ಮಾಡಲಾಯಿತು. ಹಿತ್ತಲಿನ ತೊಲೆಗಳು ಮತ್ತು ಸೌದೆ, ಅಡುಗೆಮನೆಯ ಸಾಮಾನುಗಳು, ಒಂದು ಮೇಜು, ಅಂಗಡಿಯ ಕೋಣೆಯಲ್ಲಿ ಒಂದು ಕಟ್ಟೆಹಲಗೆ, ಹಾಸಿಗೆಗಳು, ಅವಳು ವಾಸವಿದ್ದ ಮನೆಯ ಗುತ್ತಿಗೆಯ ಹಕ್ಕು. ಕೋಣೆಯಿಂದ ಕೋಣೆಗೆ ನಡೆದು ಬರೆದ ಈ ಪಟ್ಟಿಯಿಂದ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಮಕ್ಕಳನ್ನು ಸಾಕುತ್ತಿದ್ದ ಹೆಂಗಸಿನ ಬದುಕು ಕಣ್ಣಿಗೆ ಕಟ್ಟುತ್ತದೆ. ಮೇ 12ರಂದು ಅವಳ ಆಸ್ತಿಯ ಆಡಳಿತವನ್ನು ಊರಿನ ಬಡವರ ಮೇಲ್ವಿಚಾರಕ ರಾಬರ್ಟ್ ಲೈಟ್ ಹಾಗೂ ಥಾಮಸ್ ಸಿಮ್ಸ್ ಎಂಬವರಿಗೆ ಒಪ್ಪಿಸಲಾಯಿತು, ಕಾನ್ಸ್ಟನ್ಸ್, ಎಲಿಜಬೆತ್, ಜೈಲ್ಸ್ ಈ ಮೂವರು ಪ್ರಾಯಕ್ಕೆ ಬರುವ ತನಕ. ಬ್ರಾಡ್‌ಫರ್ಡ್ ಹೆಸರು ಹೇಳದೆ ಬಿಟ್ಟ ಮೊದಲ ಹೆಂಡತಿ ಇವಳೇ, ಮೇರಿ.

ಒಂದು ಆಕ್ಷೇಪ

ಸಾಮಾನು ಪಟ್ಟಿಯಲ್ಲಿ ಮೇರಿಯನ್ನು ‘ವಿಧವೆ’ ಎಂದು ಬರೆದಿದ್ದಾರೆ. 1613ರಲ್ಲಿ ಗಂಡ ಸತ್ತಿದ್ದರೆ ಆತ 1620ರಲ್ಲಿ ಹಡಗು ಹತ್ತುವುದು ಹೇಗೆ? ಈ ಆಕ್ಷೇಪವನ್ನು ತಳ್ಳಿಹಾಕದೆ ತೂಗಿನೋಡಬೇಕು. ಒಂದು ಕಡೆ ಸಮಾಧಿಯ ಮರುದಿನ ಪಟ್ಟಿ ಬರೆದವರ ಒಂದೇ ಪದ. ಇನ್ನೊಂದು ಕಡೆ ತಂದೆ, ಮಗಳು, ಮಗ ಮೂವರ ಹೆಸರು, ಹೊಂದುವ ವಯಸ್ಸು, ತೀರಿಹೋದ ಮೊದಲ ಹೆಂಡತಿ, ತಂದೆ ಊರಿನಲ್ಲಿಲ್ಲದ ಅವಧಿ. ಸೀ ವೆಂಚರ್ ಎಲ್ಲರೊಂದಿಗೆ ಮುಳುಗಿತು ಎಂಬ ಸುದ್ದಿಯೇ ಇಂಗ್ಲೆಂಡಿಗೆ ಮೊದಲು ಮುಟ್ಟಿತ್ತು; ಬದುಕುಳಿದವರ ಸುದ್ದಿ ಬಂದದ್ದು 1610ರಲ್ಲಿ. ನಾಲ್ಕು ವರ್ಷ ಗಂಡನಿಲ್ಲದೆ ಬಾಳಿದವಳನ್ನು ಊರವರು ವಿಧವೆಯೆಂದು ಎಣಿಸಿದ್ದರೆ ಅಚ್ಚರಿಯಿಲ್ಲ. ಬರ್ಮುಡಾದಲ್ಲಿ ಪ್ರಾಣಭಿಕ್ಷೆ ಬೇಡುವಾಗ ಆತ ಹೆಂಡತಿ ಮಕ್ಕಳ ಹೆಸರು ಹೇಳಿ ಬೇಡಿದ್ದನ್ನೂ ಇಲ್ಲಿ ನೆನೆಯಬೇಕು. ಒಂದು ಕಲ್ಲಿನ ಮೇಲೆ ಮಡಕೆ ನಿಲ್ಲದು, ಮೂರು ಕಲ್ಲು ಕೂಡಿದರೆ ಒಲೆಯಾಗುತ್ತದೆ. ಬ್ರಾಡ್‌ಫರ್ಡ್, ಸ್ಟ್ರೇಚಿ, ಹರ್ಸ್ಲಿಯ ಗುಮಾಸ್ತ ಈ ಮೂವರೂ ಒಬ್ಬರನ್ನೊಬ್ಬರು ನೋಡಿ ಬರೆದವರಲ್ಲ. ಅವರ ಮಾತು ಕೂಡುವುದರಲ್ಲೇ ಈ ನಿರ್ಣಯದ ಬಲವಿದೆ.

ಮುಂದಿನ ಕೊಂಡಿ ಲಂಡನ್ನಿನದು. 1618ರ ಫೆಬ್ರವರಿ 19ರಂದು ವೈಟ್‌ಚಾಪೆಲ್‌ನ ಸೇಂಟ್ ಮೇರಿ ಮ್ಯಾಟ್‌ಫೆಲನ್ ಚರ್ಚಿನಲ್ಲಿ ಸ್ಟೀಫನ್ ಹಾಪ್ಕಿನ್ಸನಿಗೂ ಎಲಿಜಬೆತ್ ಫಿಶರಳಿಗೂ ಮದುವೆಯಾಯಿತು. ಎರಡನೆಯ ಮಹಾಯುದ್ಧದ ಬಾಂಬಿಗೆ ಆ ಚರ್ಚು ನಾಶವಾಯಿತು. ಆ ಜಾಗವೀಗ ಅಲ್ತಾಬ್ ಅಲಿ ಪಾರ್ಕ್. ಕಟ್ಟಡ ಹೋದರೂ ಮದುವೆಯ ಸಾಲು ಉಳಿಯಿತು. ಆದರೆ ಹರ್ಸ್ಲಿಯ ಹಿರಿಮಗಳು ಎಲಿಜಬೆತ್ ಮಾತ್ರ ಮೇಫ್ಲವರ್ ಪಟ್ಟಿಯಲ್ಲಿಲ್ಲ. ಬಹುಶಃ ಅಷ್ಟರಲ್ಲಿ ತೀರಿಕೊಂಡಿದ್ದಳು.

‘ಖಚಿತ’ವೂ ‘ಬಹುಶಃ’ವೂ

ಹರ್ಸ್ಲಿ ಸಿಕ್ಕಿದ ಮೇಲೆ ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗುವ ಪ್ರಯತ್ನ ನಡೆಯಿತು. ಅದೇ ಪತ್ರಿಕೆಯ 2004ರ ಸಂಚಿಕೆಯಲ್ಲಿ ಅರ್ನೆಸ್ಟ್ ಕ್ರಿಸ್ಟೆನ್ಸೆನ್, ಹ್ಯಾಂಪ್‌ಶೈರಿನದೇ ಆದ ಅಪ್ಪರ್ ಕ್ಲ್ಯಾಟ್‌ಫರ್ಡ್ ಗ್ರಾಮದಲ್ಲಿ 1581ರ ಏಪ್ರಿಲ್ 30ರಂದು ದೀಕ್ಷಾಸ್ನಾನವಾದ, ಜಾನ್ ಹಾಪ್ಕಿನ್ಸನ ಮಗ ಸ್ಟೀಫನ್‌ನನ್ನು ಮುಂದಿಟ್ಟರು. ಲೇಖನದ ಶೀರ್ಷಿಕೆಯಲ್ಲೇ ಅವರು ‘ಸಂಭಾವ್ಯ’ ಎಂದು ಹೇಳಿಕೊಂಡಿದ್ದಾರೆ. 2012ರಲ್ಲಿ ಸೈಮನ್ ನೀಲ್ ಎಂಬ ಸಂಶೋಧಕರು ಮೇರಿಯ ತವರನ್ನು ಹುಡುಕುತ್ತ ಹರ್ಸ್ಲಿಯ ಕೆಂಟ್ ಮನೆತನದತ್ತ ಬೆರಳು ತೋರಿಸಿದರು.

ಇಲ್ಲಿರುವ ಮೂರು ಮಟ್ಟಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹರ್ಸ್ಲಿಯ ಕುಟುಂಬವೇ ಮೇಫ್ಲವರ್‌ನ ಕುಟುಂಬ ಎಂಬುದನ್ನು ಇಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕ್ಲ್ಯಾಟ್‌ಫರ್ಡಿನ ಮಗುವೇ ಬೆಳೆದು ಈ ಸ್ಟೀಫನ್ ಆದ ಎಂಬುದು ಸಂಭಾವ್ಯ: ಜಿಲ್ಲೆ ಹೊಂದುತ್ತದೆ, ವಯಸ್ಸು ಹೊಂದುತ್ತದೆ, ಆದರೆ ಕಾನ್ಸ್ಟನ್ಸ್ ಮತ್ತು ಜೈಲ್ಸ್ ಎಂಬ ಜೋಡಿಯಂಥ ಗುರುತು ಇಲ್ಲಿ ಇಲ್ಲ. ಕೇಪ್ ಕಾಡ್‌ನಲ್ಲಿ ಗೊಣಗಿದವರಲ್ಲಿ ಹಾಪ್ಕಿನ್ಸನೂ ಇದ್ದ ಎಂಬುದು ಬರೀ ಸಾಧ್ಯತೆ. ಮೂರನ್ನೂ ಒಂದೇ ದನಿಯಲ್ಲಿ ಹೇಳಿದರೆ ಮೊದಲನೆಯದರ ಬೆಲೆಯೂ ಹೋಗುತ್ತದೆ.

ದಾಖಲೆ ಯಾರನ್ನು ಉಳಿಸುತ್ತದೆ?

ಅಮೆರಿಕದಲ್ಲಿ ಹಾಪ್ಕಿನ್ಸನ ಬದುಕಿಗೆ ದಾಖಲೆಗಳ ಬರವಿಲ್ಲ. 1630ರ ದಶಕದಲ್ಲಿ ಆತ ಗವರ್ನರನ ಸಹಾಯಕರಲ್ಲೊಬ್ಬ. ಅದೇ ದಶಕದಲ್ಲಿ, ವಸಾಹತಿನ ನ್ಯಾಯಾಲಯದ ಪುಸ್ತಕಗಳಲ್ಲಿ, ಭಾನುವಾರ ಮನೆಯಲ್ಲಿ ಕುಡಿತಕ್ಕೆ ಎಡೆಕೊಟ್ಟದ್ದಕ್ಕೆ, ಬಿಯರನ್ನು ಹೆಚ್ಚು ಬೆಲೆಗೆ ಮಾರಿದ್ದಕ್ಕೆ ದೂರು ಎದುರಿಸಿದವನೂ ಅವನೇ. 1644ರ ಜೂನ್ 6ರಂದು ಬರೆಸಿದ ಉಯಿಲಿನಲ್ಲಿ ಮಗ ಜೈಲ್ಸನಿಗೆ ದೊಡ್ಡ ಹೋರಿ, ಮಗಳು ಕಾನ್ಸ್ಟನ್ಸಳಿಗೆ ಕುದುರೆ. ಉಳಿದ ಹೆಣ್ಣುಮಕ್ಕಳಿಗೆ ಹಸುಗಳನ್ನು ಹೆಸರು ಹಿಡಿದು ಹಂಚಿದ್ದಾನೆ: ಮಾಟ್ಲಿ ಎಂಬ ಹಸುವಿನಲ್ಲಿ ಡೆಬೊರಾಗೆ ಅರ್ಧ, ಡ್ಯಾಮರಿಸಳಿಗೆ ಅರ್ಧ. ಬಾಲವಿಲ್ಲದ ಒಂದು ಕಡಸನ್ನೂ ಮರೆತಿಲ್ಲ. ಹರ್ಸ್ಲಿಯಲ್ಲಿ ತಾಯಿ ಸತ್ತಾಗ ಊರಿನ ಪಾಲನೆಗೆ ಬಿದ್ದ ಕಾನ್ಸ್ಟನ್ಸಳಿಗೆ 1650ರ ಹೊತ್ತಿಗೆ ಹನ್ನೆರಡು ಮಕ್ಕಳು, ಎಲ್ಲರೂ ಬದುಕಿದ್ದಾರೆ ಎಂದು ಬ್ರಾಡ್‌ಫರ್ಡ್ ಬರೆಯುತ್ತಾನೆ.

ಆದರೆ ಈ ಸಮೃದ್ಧಿಯ ಮಗ್ಗುಲಲ್ಲೇ ದೊಡ್ಡ ಶೂನ್ಯವಿದೆ. ಪ್ಲಿಮತ್ ವಸಾಹತು ಎದ್ದ ಜಾಗದಲ್ಲಿ ಪಟಕ್ಸೆಟ್ ಎಂಬ ಊರಿತ್ತು. 1616ರಿಂದ 1619ರ ನಡುವೆ ಹರಡಿದ ಸಾಂಕ್ರಾಮಿಕ ರೋಗ ಆ ಊರನ್ನು ಬರಿದು ಮಾಡಿತು. ವಲಸಿಗರ ಹಸುವಿನ ಹೆಸರು ನಮಗೆ ಗೊತ್ತು. ಪಟಕ್ಸೆಟ್‌ನವರಲ್ಲಿ ಟಿಸ್ಕ್ವಾಂಟಮ್ ಒಬ್ಬನನ್ನು ಬಿಟ್ಟರೆ ಉಳಿದವರ ಹೆಸರು ಈ ವಲಸಿಗರ ಪುಸ್ತಕಗಳಲ್ಲಿ ಸಿಗುವುದಿಲ್ಲ. ಇಂಥ ಶೂನ್ಯ ಬೇರೆಡೆಯೂ ಇದೆ. ವರ್ಜೀನಿಯಾದ 1635ರ ಭೂದಾಖಲೆಯೊಂದರಲ್ಲಿ ಜಾರ್ಜ್ ಮೆನೆಫಿ ಎಂಬ ಜಮೀನುದಾರ 24 ಜನರನ್ನು ಕರೆತಂದದ್ದಕ್ಕೆ 1200 ಎಕರೆ ಪಡೆದನೆಂದಿದೆ. ಆ 24ರಲ್ಲಿ ಒಬ್ಬ ‘ಟೋನಿ, ಈಸ್ಟ್ ಇಂಡಿಯನ್’. ಭಾರತದ ಕಡೆಯಿಂದ ಹೋದವನೆಂದು ತೋರುವ ಆ ಮನುಷ್ಯನಿಗೆ ಐವತ್ತು ಎಕರೆಯ ಲೆಕ್ಕ ಸಿಕ್ಕಿತು, ತಂದೆಯ ಹೆಸರು ಸಿಗಲಿಲ್ಲ. ಯಾವ ತೀರದಿಂದ, ಯಾವ ಮನೆಯಿಂದ ಅವನನ್ನು ಒಯ್ದರೆಂದು ಹೇಳುವ ಹರ್ಸ್ಲಿ ಅವನ ಪಾಲಿಗಿಲ್ಲ. ಹೀಗಾಗಿ ಪೂರ್ವಜರ ಶೋಧದ ಸುಖ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬ ಎಚ್ಚರ ಈ ಕೆಲಸ ಮಾಡುವವರಿಗೆ ಸದಾ ಇರಬೇಕು.

ಕೊನೆಯ ಮಾತು

ಹಾಪ್ಕಿನ್ಸನನ್ನು ಅವನ ಹೆಸರಿನ ದಾರಿ ಹಿಡಿದು ಹುಡುಕಿದವರು ಬೇರೊಂದು ಜಿಲ್ಲೆಗೆ ಹೋಗಿ ನಿಂತರು. ದಾರಿ ತೋರಿಸಿದ್ದು ಅವನ ಮಕ್ಕಳ ಹೆಸರುಗಳು, ಮತ್ತು ಯಾರ ಚರಿತ್ರೆಯಲ್ಲೂ ಸ್ಥಾನವಿಲ್ಲದ ಒಬ್ಬ ಅಂಗಡಿಯ ಹೆಂಗಸಿನ ಸಾವಿನ ಕಾಗದ. ಆ ಕಾಗದವನ್ನು ಬರೆದದ್ದು ಅಮೆರಿಕದ ಇತಿಹಾಸಕ್ಕಾಗಿ ಅಲ್ಲ, ಮೂವರು ತಬ್ಬಲಿ ಮಕ್ಕಳ ಪಾಲು ಯಾರ ಕೈಗೂ ಸೋರಿಹೋಗದಿರಲಿ ಎಂದು. ಒಂದು ಸಣ್ಣ ಊರು ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿದ್ದರಿಂದ ಮುನ್ನೂರ ಎಂಬತ್ತೈದು ವರ್ಷಗಳ ಬಳಿಕ ಸತ್ಯ ತಿಳಿಯಿತು.

ಆದ್ದರಿಂದ ಇಲ್ಲಿರುವ ಯುವ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟೆ. ಯಾರನ್ನೇ ಹುಡುಕಲು ಹೊರಟರೂ ಅವರ ಹೆಂಡತಿಯನ್ನು, ಮಕ್ಕಳನ್ನು, ನೆರೆಯವರನ್ನು, ಸಾಕ್ಷಿ ಹಾಕಿದವರನ್ನು ಮೊದಲು ಹುಡುಕಿ. ದೊಡ್ಡವರ ಚರಿತ್ರೆಗೆ ಕೊಡುವಷ್ಟೇ ಗೌರವವನ್ನು ಬಡವರ ಲೆಕ್ಕದ ಪುಸ್ತಕಕ್ಕೂ ಕೊಡಿ. ಸಾಕ್ಷ್ಯ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ವಾಕ್ಯವೂ ‘ಬಹುಶಃ’ ಎಂದು ನಿಲ್ಲಲಿ. ಹಾಗೆ ನಿಂತ ವಾಕ್ಯದಿಂದ ಮುಂದಿನವರು ಧೈರ್ಯವಾಗಿ ಹೊರಡಬಹುದು. ಹುಸಿ ಖಚಿತತೆಯಿಂದ ಹೊರಟವರು ಮೊದಲು ಅದನ್ನು ಕೆಡವಬೇಕಾಗುತ್ತದೆ.